ಉಸುಕಿಲ್ಲದೆ ಬ್ಲಾಸ್ಟಿಂಗ್: ಜಂಗು ಹಿಡಿದ ಬಿಡಿಭಾಗಗಳನ್ನು ಮನೆಯಲ್ಲೇ ಸುರಕ್ಷಿತವಾಗಿ ಸ್ವಚ್ಛ ಮಾಡುವ ಸಮಗ್ರ ಮಾರ್ಗದರ್ಶಿ

"ಹೊಳಿ ಉಸುಕು ಸಾಣಿಸಿ ಹಾಕ್ರಿ ಸರ, ಆತು. ಸುಮ್ನ ಯಾಕ ರೊಕ್ಕಾ ಖರ್ಚು ಮಾಡ್ತೀರಿ?"

ಹುಬ್ಬಳ್ಳಿಯಲ್ಲಿ ನಾನು ಮೊದಲ ಬ್ಲಾಸ್ಟಿಂಗ್ ಗನ್ ಕೊಂಡ ದಿನ ಅಂಗಡಿಯಲ್ಲಿ ಸಿಕ್ಕ ಸಲಹೆ ಇದು. ಬ್ಲಾಸ್ಟಿಂಗ್ ಅಂದರೆ ಒತ್ತಡದ ಗಾಳಿಯ ಜೊತೆ ಗಟ್ಟಿ ಪುಡಿಯನ್ನು ಜೋರಾಗಿ ಹೊಡೆದು ಜಂಗು ತೆಗೆಯುವುದು. ಅದನ್ನೇ ನಂಬಿದೆ. ಅಣ್ಣನ ಹಳೆಯ ಎಜ್ಡಿ ಬೈಕಿನ ಸೆಂಟರ್ ಸ್ಟ್ಯಾಂಡ್, ಚೈನ್ ಕವರ್, ಫುಟ್‌ರೆಸ್ಟ್ ಎಲ್ಲವನ್ನೂ ಹಿತ್ತಿಲ ಶೆಡ್ಡಿನ ಬಾಗಿಲಲ್ಲಿ ಹರವಿಕೊಂಡೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಉಸುಕು ಹೊಡೆದೆ. ಜಂಗು ಹೋಯಿತು, ಕಬ್ಬಿಣ ಬೆಳ್ಳಗೆ ಹೊಳೆಯಿತು, ಖುಷಿಯೂ ಆಯಿತು. ಮಧ್ಯಾಹ್ನ ಮೂರಕ್ಕೆ ಕಂಪ್ರೆಸರ್ ಬಂದ್ ಮಾಡಿ ಊಟಕ್ಕೆ ಹೋದೆ. ಐದಕ್ಕೆ ವಾಪಸ್ ಬಂದು ನೋಡಿದರೆ, ಪತ್ರಾದ ತೂತಿನಿಂದ ಒಳಗೆ ಬಿದ್ದ ಬಿಸಿಲ ಕೋಲಿನಲ್ಲಿ ಧೂಳು ಇನ್ನೂ ತೇಲಾಡುತ್ತಿತ್ತು. ಬಿಚ್ಚಿಟ್ಟಿದ್ದ ಟವೆಲಿನ ಒಳಮಗ್ಗುಲಲ್ಲಿ, ಮೂಗು ತಾಗುವ ಜಾಗದಲ್ಲಿ, ಎರಡು ಕಂದು ಕಲೆ ಇದ್ದವು. ಅಂದರೆ ಧೂಳು ಬಟ್ಟೆಯನ್ನು ದಾಟಿ ಒಳಗೆ ಬಂದಿತ್ತು.

ಪಕ್ಕದ ಮನೆಯ ಅಕ್ಕ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ್ದರು. "ಏನೋ ತಮ್ಮಾ ಇದು, ಇಷ್ಟೂ ಹಪ್ಪಳದ ಮ್ಯಾಲೆ ಧೂಳಾ ಕುಂತದಲ್ಲೋ" ಅಂದರು. ಆ ಹಪ್ಪಳವನ್ನೆಲ್ಲ ಚೆಲ್ಲಬೇಕಾಯಿತು. ಅವರ ಮನೆಯಲ್ಲಿ ಆಗ ಎರಡು ವರ್ಷದ ಕೂಸು ಇತ್ತು. ಅದು ನೆನಪಾದಾಗಲೆಲ್ಲ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಆಮೇಲೆ ಈ ವಿಷಯವನ್ನು ಸರಿಯಾಗಿ ಓದಿಕೊಂಡೆ, ತಿಳಿದವರನ್ನು ಕೇಳಿದೆ, ಸಾಮಾನನ್ನು ಒಳಗಿಟ್ಟು ಬ್ಲಾಸ್ಟಿಂಗ್ ಮಾಡಲು ನಿಧಾನಕ್ಕೆ ನನ್ನದೇ ಒಂದು ಪೆಟ್ಟಿಗೆ ಕಟ್ಟಿಕೊಂಡೆ. ಈಗ ನನ್ನ ಕೆಲಸಕ್ಕೆ ಎರಡೇ ನಿಯಮ. ಗನ್ನಿಗೆ ಉಸುಕು ಹಾಕುವುದಿಲ್ಲ. ಮುಚ್ಚಿದ ಪೆಟ್ಟಿಗೆಯ ಹೊರಗೆ ಗನ್ ಹಿಡಿಯುವುದಿಲ್ಲ. ಮುಂದೆ ಬರೆದಿರುವುದೆಲ್ಲ ಇವೆರಡನ್ನು ಪಾಲಿಸುವ ದಾರಿ.

ಉಸುಕು ಯಾಕೆ ಬೇಡ

1870ರಲ್ಲಿ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಈ ವಿಧಾನಕ್ಕೆ ಪೇಟೆಂಟ್ ಪಡೆದಾಗ ಬಳಸಿದ್ದು ಉಸುಕನ್ನೇ. ಸ್ಯಾಂಡ್ ಬ್ಲಾಸ್ಟಿಂಗ್ ಎಂಬ ಹೆಸರು ಅಲ್ಲಿಂದ ಹಾಗೆಯೇ ಉಳಿದುಬಂತು. ಆದರೆ ಹೊಳೆ ಉಸುಕಿನಲ್ಲಿ ಜಾಸ್ತಿ ಇರುವುದು ಬೆಣಚುಕಲ್ಲು, ಅಂದರೆ ಹರಳು ರೂಪದ ಸಿಲಿಕಾ. ಅದು ಕಬ್ಬಿಣಕ್ಕೆ ಬಡಿದಾಗ ಒಡೆದು ಹಿಟ್ಟಾಗುತ್ತದೆ. ಆ ಹಿಟ್ಟಿನ ಅತಿ ಸಣ್ಣ ಕಣಗಳು 10 ಮೈಕ್ರಾನ್‌ಗಿಂತ ಚಿಕ್ಕವು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಇಷ್ಟು ಸಣ್ಣ ಕಣ ಕಣ್ಣಿಗೆ ಕಾಣುವುದಿಲ್ಲ, ಬೇಗ ನೆಲಕ್ಕೂ ಇಳಿಯುವುದಿಲ್ಲ, ಉಸಿರಿನ ಜೊತೆ ಶ್ವಾಸಕೋಶದ ತಳಕ್ಕೇ ಹೋಗಿ ಕೂರುತ್ತದೆ. ಅದರ ಸುತ್ತ ಗಾಯದ ಕಲೆಯಂಥ ಗಂಟು ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧ ಇಲ್ಲ. ಧೂಳಿನ ಸಂಗ ಬಿಟ್ಟ ಮೇಲೂ ರೋಗ ಬೆಳೆಯುತ್ತಲೇ ಹೋಗಬಹುದು. ಕ್ಷಯ ಅಂಟುವ ಅಪಾಯವೂ ಹೆಚ್ಚುತ್ತದೆ.

ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನು ಕಾಡಿದ ರೋಗ ಇದೇ. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು. ಬ್ರಿಟನ್ 1949ರ ನಿಯಮದಲ್ಲೇ ಬ್ಲಾಸ್ಟಿಂಗ್‌ಗೆ ಉಸುಕು ಬಳಸುವುದನ್ನು ನಿಷೇಧಿಸಿತು. ಟರ್ಕಿಯಲ್ಲಿ ಜೀನ್ಸ್ ಪ್ಯಾಂಟಿಗೆ ಮಾಸಲು ಬಣ್ಣ ಬರಿಸಲು ಉಸುಕು ಹೊಡೆಯುತ್ತಿದ್ದ ಎಳೆ ಹುಡುಗರು ಇದೇ ರೋಗಕ್ಕೆ ತುತ್ತಾದರು. 2009ರಲ್ಲಿ ಅಲ್ಲಿಯೂ ನಿಷೇಧ ಬಂತು.

"ಹಂಗಾದ್ರ ಎಂ-ಸ್ಯಾಂಡ್ ಹಾಕಬಹುದಲ್ರೀ?" ಎಂದು ಕೆಲವರು ಕೇಳುತ್ತಾರೆ. ಅದೂ ಬೇಡ. ಎಂ-ಸ್ಯಾಂಡ್ ಅಂದರೆ ಹೆಚ್ಚಾಗಿ ಕುಟ್ಟಿದ ಗ್ರಾನೈಟ್. ಅದರಲ್ಲೂ ಬೆಣಚುಕಲ್ಲು ಇದೆ. ತೊಳೆದು ಸಾಣಿಸಿದರೂ ಲಾಭವಿಲ್ಲ. ಕೆಟ್ಟ ಧೂಳು ಮೊದಲೇ ಉಸುಕಿನಲ್ಲಿ ಇರುವುದಿಲ್ಲ, ಕಬ್ಬಿಣಕ್ಕೆ ಬಡಿದಾಗ ಹುಟ್ಟುತ್ತದೆ.

ಮೊದಲು ಯೋಚಿಸಿ: ಈ ಸಾಮಾನಿಗೆ ಬ್ಲಾಸ್ಟಿಂಗ್ ಬೇಕಾ?

ನಾಲ್ಕು ಬೋಲ್ಟ್, ಒಂದು ಪಾನಾ, ಒಂದು ಕುಡಗೋಲು ಇದ್ದರೆ ಇಷ್ಟೆಲ್ಲ ಬೇಡ. ಒಂದು ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕೆಲವು ಗಂಟೆ ನೆನೆಸಿ, ಬ್ರಷ್‌ನಿಂದ ತಿಕ್ಕಿ, ಅಡುಗೆ ಸೋಡಾ ನೀರಿನಲ್ಲಿ ಅದ್ದಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಿ. ಮುಗಿಯಿತು. ಸ್ಪ್ರಿಂಗ್ ಮತ್ತು ಗಟ್ಟಿ ಉಕ್ಕಿನ ಬೋಲ್ಟ್‌ಗಳನ್ನು ಮಾತ್ರ ಆಸಿಡ್‌ನಲ್ಲಿ ನೆನೆಸಬೇಡಿ. ಅವು ಪೆಡಸಾಗಿ ಮುರಿಯಬಹುದು.

ಮನೆಯ ಗೇಟು, ಟ್ರಾಲಿಯ ಚಾಸಿ, ಟ್ರ್ಯಾಕ್ಟರಿನ ರೆಂಟೆ ಇಂಥವು ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಹಿಡಿಯದ ಸಾಮಾನನ್ನು ಬಯಲಲ್ಲಿ ಹೊಡೆಯುವ ಯೋಚನೆಯೇ ಬೇಡ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳ ಕಡೆ ಪೌಡರ್ ಕೋಟಿಂಗ್ ಮಾಡುವವರಲ್ಲಿ ವಿಚಾರಿಸಿ. ಗದಗ, ಹಾವೇರಿಯವರೂ ಒಂದಿಷ್ಟು ಸಾಮಾನು ಕೂಡಿಸಿಕೊಂಡು ಒಮ್ಮೆಲೇ ತಂದರೆ ಸಾಗಣೆ ಖರ್ಚು ಗಿಟ್ಟುತ್ತದೆ. ಕೊಡುವ ಮುಂಚೆ ಒಂದು ಮಾತು ಕೇಳಿ: "ಏನು ಹಾಕಿ ಹೊಡೀತೀರಿ?" ಉಸುಕು ಎಂದರೆ ಬೇರೆ ಕಡೆ ಹೋಗಿ. ಅಲ್ಲಿ ಗನ್ ಹಿಡಿಯುವ ಹುಡುಗನ ಎದೆಯೂ ನಮ್ಮ ಎದೆಯಂಥದ್ದೇ ಅಲ್ವಾ?

ಕೆಲವು ಸಾಮಾನನ್ನು ಪೆಟ್ಟಿಗೆಯೊಳಗೂ ಇಡಬಾರದು.

ಪೆಟ್ರೋಲ್ ಟ್ಯಾಂಕ್: ಬ್ಲಾಸ್ಟಿಂಗ್ ಮಾಡುವಾಗ ಸ್ಥಾಯಿ ವಿದ್ಯುತ್ ಹುಟ್ಟಿ ಕಿಡಿ ಹಾರುತ್ತದೆ. ಖಾಲಿ ಟ್ಯಾಂಕಿನೊಳಗೆ ಆವಿ ಉಳಿದಿದ್ದರೆ ಅದು ಬಾಂಬ್.

ಹಳೆಯ ಬಣ್ಣ: ಭಾರತದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ, ಅದರಲ್ಲೂ ಕಿತ್ತಳೆಗೆಂಪಿನ ಹಳೆಯ ರೆಡ್ ಲೆಡ್ ಪ್ರೈಮರ್‌ನಲ್ಲಿ, ಸೀಸ ಇದೆ ಎಂದೇ ತಿಳಿಯಿರಿ. ರಾಸಾಯನಿಕ ಪೇಂಟ್ ರಿಮೂವರ್ ಹಚ್ಚಿ, ಹಸಿಯಾಗಿಯೇ ಕೆರೆದು ತೆಗೆಯಿರಿ. ಬಣ್ಣ ಪೂರ್ತಿ ಹೋದ ಮೇಲೆ ಉಳಿದ ಜಂಗಿಗೆ ಮಾತ್ರ ಬ್ಲಾಸ್ಟಿಂಗ್.

ಹಳದಿ ಹೊಳಪಿನ ಹಳೆಯ ಬೋಲ್ಟ್‌ಗಳಿಗೆ ಕ್ಯಾಡ್ಮಿಯಂ ಲೇಪ ಇರಬಹುದು. ಕಣ್ಣಿನಿಂದ ನೋಡಿ ಹೇಳಲು ಆಗುವುದಿಲ್ಲ. ಅದರ ಧೂಳು ವಿಷ. ಹೊಸ ಬೋಲ್ಟ್ ತನ್ನಿ. ಕ್ರೋಮ್ ಲೇಪದ ಸಾಮಾನು, ಹಳೆಯ ಬ್ರೇಕ್ ಶೂ, ಇವೂ ಬೇಡ. ಎಂಜಿನ್ನಿನ ಒಳಭಾಗಗಳನ್ನಂತೂ ಮುಟ್ಟಲೇಬೇಡಿ. ಎಣ್ಣೆ ಹರಿಯುವ ಸಣ್ಣ ತೂತಿನಲ್ಲಿ ಒಂದೆರಡು ಕಣ ಉಳಿದರೂ ಬೇರಿಂಗ್ ಹಾಳಾಗುತ್ತದೆ.

ಗನ್ನಿಗೆ ಏನು ಹಾಕುವುದು

ಕಬ್ಬಿಣದ ಜಂಗಿಗೆ ನನ್ನ ಆಯ್ಕೆ ಗಾರ್ನೆಟ್, 80 ಮೆಶ್ (ಇಂಚಿಗೆ 80 ಕಣ್ಣಿನ ಜರಡಿಯ ಅಳತೆಯ ಕಣ). ಕೆಂಪು ಹರಳಿನ ಪುಡಿ. ತಮಿಳುನಾಡು, ಆಂಧ್ರ, ಒಡಿಶಾ ಕರಾವಳಿಯ ಮರಳಿನಲ್ಲಿ ಸಿಗುವ ಖನಿಜ. ಅದರಲ್ಲೂ ಸಿಲಿಕಾ ಇದೆ, ಆದರೆ ಬೇರೆ ಧಾತುಗಳ ಜೊತೆ ಬೆಸೆದುಕೊಂಡಿದೆ. ಚೀಲದ ಮೇಲೆ ಅಥವಾ ಜೊತೆಗೆ ಕೊಡುವ ಸುರಕ್ಷತಾ ಹಾಳೆಯಲ್ಲಿ ಮುಕ್ತ ಸಿಲಿಕಾ ಶೇ. 1ಕ್ಕಿಂತ ಕಡಿಮೆ ಎಂದು ಬರೆದಿರಬೇಕು. ಅದಿಲ್ಲದ ಬಿಡಿ ಚೀಲ ಎಷ್ಟೇ ಅಗ್ಗವಾದರೂ ತರಬೇಡಿ.

ಅಲ್ಯುಮಿನಿಯಂ ಆಕ್ಸೈಡ್ ಇನ್ನೂ ಗಟ್ಟಿ, ಇನ್ನೂ ಚುರುಕು. ಬೆಲೆ ಜಾಸ್ತಿ, ಆದರೆ ಮತ್ತೆ ಮತ್ತೆ ಬಳಸಬಹುದು. ಆಳವಾದ ಜಂಗಿಗೆ ಇದೇ ಸರಿ. ಎಂಜಿನ್ ಕವರ್‌ನಂಥ ಅಲ್ಯುಮಿನಿಯಂ ಸಾಮಾನಿಗೆ ಗಾಜಿನ ಮಣಿ. ಗಾಜೂ ಸಿಲಿಕಾವೇ, ಆದರೆ ಹರಳು ರೂಪದ್ದಲ್ಲ. ಹಾಗಾಗಿ ಉಸುಕಿನಂಥ ಅಪಾಯ ಇಲ್ಲ. ಸೋಡಾ ಪುಡಿ ಬಣ್ಣ ತೆಗೆಯುತ್ತದೆ, ಜಂಗಿನ ಮುಂದೆ ಅದರ ಆಟ ನಡೆಯುವುದಿಲ್ಲ. ತಾಮ್ರದ ಕಿಟ್ಟ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಭಾರ ಲೋಹಗಳ ಅಂಶ ಇರಬಹುದಾದ್ದರಿಂದ ಮನೆಗೆ ತರಬೇಡಿ.

ಶುರುವಿಗೆ 10ರಿಂದ 15 ಕಿಲೋ ಸಾಕು. ಬಳಸುವ ಮುಂಚೆ ಪುಡಿಯನ್ನು ಬಿಸಿಲಲ್ಲಿ ಹರವಿ ಕಾಯಿಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆಯಾಗದೆ ರವೆಯ ಹಾಗೆ ಉದುರಬೇಕು.

ಕಂಪ್ರೆಸರ್: ಹೆಚ್ಚಿನವರು ಸೋಲುವುದು ಇಲ್ಲೇ

ಟೈರಿಗೆ ಗಾಳಿ ಹಾಕುವ 24 ಲೀಟರಿನ ಪುಟ್ಟ ಕಂಪ್ರೆಸರ್‌ನಿಂದ ಈ ಕೆಲಸ ಆಗುವುದಿಲ್ಲ. ಅರ್ಧ ನಿಮಿಷ ಜೋರಾಗಿ ಹೊಡೆಯುತ್ತದೆ, ಆಮೇಲೆ ಉಬ್ಬಸ ಬಂದವರ ಹಾಗೆ ಉಸ್ಸೆನ್ನುತ್ತದೆ. ಇಲ್ಲಿ ಮುಖ್ಯವಾದದ್ದು ಟ್ಯಾಂಕಿನ ಒತ್ತಡಕ್ಕಿಂತ ನಿಮಿಷಕ್ಕೆ ಎಷ್ಟು ಗಾಳಿ ಬರುತ್ತದೆ ಎಂಬುದು. ಅದರ ಅಳತೆ ಸಿಎಫ್‌ಎಂ, ನಿಮಿಷಕ್ಕೆ ಎಷ್ಟು ಘನ ಅಡಿ ಎಂದು. ಒಂದು ಸಿಎಫ್‌ಎಂ ಅಂದರೆ ಸುಮಾರು 28 ಲೀಟರ್.

ಗನ್ನಿನೊಳಗೆ ಗಾಳಿಯ ಜೆಟ್ ಇರುತ್ತದೆ. ಅದರ ತೂತು 2.4 ಮಿ.ಮೀ. ಇದ್ದರೆ 80 ಪಿಎಸ್‌ಐ (ಚದರ ಇಂಚಿಗೆ ಎಷ್ಟು ಪೌಂಡ್ ಎಂಬ ಅಳತೆ) ಒತ್ತಡಕ್ಕೆ ಸುಮಾರು 10 ಸಿಎಫ್‌ಎಂ ಬೇಕು. ತೂತು 3.2 ಮಿ.ಮೀ. ಆದರೆ ಸುಮಾರು 17. ತೂತಿನ ಅಗಲ ಎರಡು ಪಟ್ಟಾದರೆ ಗಾಳಿ ನಾಲ್ಕು ಪಟ್ಟು ಬೇಕು. ಕಂಪ್ರೆಸರ್ ಕಡೆಯಿಂದ ನೋಡಿದರೆ, ಒಂದು ಎಚ್‌ಪಿಗೆ ಮೂರೂವರೆಯಿಂದ ನಾಲ್ಕು ಸಿಎಫ್‌ಎಂ ಎಂದು ಹಿಡಿಯಿರಿ. ಹಾಗಾಗಿ ಮನೆಗೆ 3 ಎಚ್‌ಪಿ ಮೋಟಾರು, 100 ಲೀಟರಿಗೆ ಕಡಿಮೆ ಇಲ್ಲದ ಟ್ಯಾಂಕು, ಸಣ್ಣ ಜೆಟ್ಟಿನ ಗನ್ನು ಹೊಂದಿಕೆಯ ಜೋಡಿ. ಕೊಳ್ಳುವಾಗ ಪಟ್ಟಿಯ ಮೇಲಿನ ಡಿಸ್‌ಪ್ಲೇಸ್‌ಮೆಂಟ್ ಅಂಕಿಗೆ ಮರುಳಾಗಬೇಡಿ. ನಿಜವಾಗಿ ಹೊರಬರುವ ಗಾಳಿ ಅದಕ್ಕಿಂತ ಕಡಿಮೆ. ಎಫ್‌ಎಡಿ (ನಿಜವಾಗಿ ಹೊರಬರುವ ಗಾಳಿಯ ಅಳತೆ) ಎಷ್ಟು ಎಂದು ಕೇಳಿ.

ಹಳೆಯ ಕಂಪ್ರೆಸರ್ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಟ್ಯಾಂಕಿನ ತಳವನ್ನು ನೋಡದೆ ತರಬೇಡಿ. ನೀರು ನಿಂತು ಒಳಗಿನಿಂದ ಜಂಗು ತಿಂದ ಟ್ಯಾಂಕ್ ಒಡೆದರೆ ಪ್ರಾಣಕ್ಕೇ ಅಪಾಯ. ಸೇಫ್ಟಿ ವಾಲ್ವ್ ಕೆಲಸ ಮಾಡಬೇಕು. ತೂತಿಗೆ ವೆಲ್ಡಿಂಗ್ ತೇಪೆ ಹಾಕಿದ ಟ್ಯಾಂಕ್ ಪುಕ್ಕಟೆ ಕೊಟ್ಟರೂ ಬೇಡ.

3 ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಓಡುವಾಗಲೇ 15 ಆಂಪಿಯರ್ ಆಸುಪಾಸು ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಹೆಸ್ಕಾಂ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಎಲೆಕ್ಟ್ರಿಷಿಯನ್ ಕರೆಸಿ ಪ್ರತ್ಯೇಕ ಲೈನ್, ಲೋಡ್ ಮೀರಿದರೆ ಕರೆಂಟ್ ಕಡಿಯುವ ಎಂಸಿಬಿ, ಶಾಕ್ ಹೊಡೆಯದಂತೆ ಕಡಿಯುವ ಆರ್‌ಸಿಸಿಬಿ, ಗಟ್ಟಿ ಅರ್ಥಿಂಗ್ ಹಾಕಿಸಿ. ಮಿಕ್ಸಿ ಹಚ್ಚುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಇದನ್ನು ಸಿಗಿಸಿದರೆ ವೈರು ಸುಡುತ್ತದೆ.

ಗಾಳಿಯೊಳಗಿನ ನೀರಿನ ವಿಷಯವನ್ನು ತುಸು ವಿವರವಾಗಿಯೇ ಹೇಳಬೇಕು. ಆಷಾಢದಲ್ಲಿ ಧಾರವಾಡದ ಗಾಳಿ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಅಂಥ ಹಸಿ ಗಾಳಿಯನ್ನು 10 ಸಿಎಫ್‌ಎಂ ಲೆಕ್ಕದಲ್ಲಿ ಒಂದು ಗಂಟೆ ಒತ್ತಿದರೆ ಕಾಲು ಲೀಟರಿನಷ್ಟು ನೀರು ಬೇರ್ಪಡುತ್ತದೆ. ಅದರಲ್ಲಿ ಒಂದಿಷ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಉಳಿದದ್ದು ಬಿಸಿ ಗಾಳಿಯ ಜೊತೆ ಪೈಪಿಗೆ ಬಂದು, ಪುಡಿಯನ್ನು ಕೆಸರು ಮಾಡಿ ಗನ್ ಕಟ್ಟಿಸುತ್ತದೆ. ಈಗ ತಾನೇ ಸ್ವಚ್ಛ ಮಾಡಿದ ಕಬ್ಬಿಣದ ಮೇಲೂ ಕೂತು ಹತ್ತೇ ನಿಮಿಷದಲ್ಲಿ ಹಳದಿ ಜಂಗು ಎಬ್ಬಿಸುತ್ತದೆ.

ವಾಟರ್ ಸೆಪರೇಟರನ್ನು ಕಂಪ್ರೆಸರಿಗೆ ಅಂಟಿಸಿ ಹಾಕಿದರೆ ಅದು ಏನೂ ಹಿಡಿಯುವುದಿಲ್ಲ. ಅಲ್ಲಿ ಗಾಳಿ ಇನ್ನೂ ಬಿಸಿ ಇರುತ್ತದೆ, ನೀರು ಇನ್ನೂ ಆವಿಯಾಗಿರುತ್ತದೆ. ನಾನು ಟ್ಯಾಂಕಿನಿಂದ 20 ಅಡಿ ಜಿಐ ಪೈಪನ್ನು ಗೋಡೆಯ ಗುಂಟ, ಟ್ಯಾಂಕಿನ ಕಡೆಗೆ ಸ್ವಲ್ಪ ಇಳಿಜಾರಾಗಿ ಎಳೆದಿದ್ದೇನೆ. ತಣ್ಣಗಾದ ನೀರು ವಾಪಸ್ ಟ್ಯಾಂಕಿಗೇ ಹರಿಯುತ್ತದೆ. ಪೈಪಿನ ಗನ್ನಿನ ಕಡೆಯ ತುದಿಯಲ್ಲಿ ಸೆಪರೇಟರ್, ಆಮೇಲೆ ಒತ್ತಡ ಹೊಂದಿಸುವ ರೆಗ್ಯುಲೇಟರ್, ಆಮೇಲೆ ಹೋಸ್. ನೀರಿನ ಪಿವಿಸಿ ಪೈಪನ್ನು ಗಾಳಿಗೆ ಬಳಸಬೇಡಿ. ಅದು ಸೀಳುವುದಿಲ್ಲ, ಸಿಡಿದು ಚೂರಾಗುತ್ತದೆ.

ಇಷ್ಟೆಲ್ಲ ಇದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಈ ಕೆಲಸಕ್ಕೆ ಕೈ ಹಾಕುವುದು ಕಡಿಮೆ. ದೀಪಾವಳಿ ಆದ ಮೇಲಿನ ಒಣ ಹವೆಯೇ ಹೇಳಿ ಮಾಡಿಸಿದ ಕಾಲ. ಖಂಡೆ ಪೂಜೆಗೆ ಸಾಮಾನು ಹೊಳೆಯಬೇಕು ಎನ್ನುವವರು ಹಿಂದಿನ ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಪೆಟ್ಟಿಗೆ ಕಟ್ಟುವುದು

ನನ್ನ ಪೆಟ್ಟಿಗೆ 3 ಅಡಿ ಅಗಲ, 2 ಅಡಿ ಆಳ, 2 ಅಡಿ ಎತ್ತರ. 12 ಮಿ.ಮೀ. ಪ್ಲೈವುಡ್. ತಳವನ್ನು ಚಪ್ಪಟೆ ಮಾಡಬೇಡಿ. ಪುಡಿ ತಾನಾಗಿ ಜಾರಿ ನಡುವಿಗೆ ಬರುವ ಹಾಗೆ 45 ಡಿಗ್ರಿಗಿಂತ ಕಡಿದಾದ ಇಳಿಜಾರು ಕೊಡಿ. ಗಿರಣಿಯ ಗೂಡೆ ನೋಡಿದ್ದೀರಲ್ಲ, ಹಾಗೆ. ಗನ್ನಿನ ಹೀರುವ ಪೈಪು ಆ ತಳದಲ್ಲಿರುತ್ತದೆ. ಅದರ ಮೇಲೆ ಸಾಮಾನು ಇಡಲು ಕಬ್ಬಿಣದ ಜಾಲರಿ.

ಮುಂದಿನ ಗೋಡೆಯಲ್ಲಿ ಕೈ ಹಾಕಲು 6 ಇಂಚಿನ ಎರಡು ತೂತು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 16ರಿಂದ 18 ಇಂಚು. ಕತ್ತರಿಸುವ ಮುಂಚೆ ಸ್ಟೂಲಿನ ಮೇಲೆ ಕುಳಿತು ನಿಮ್ಮ ಮೊಣಕೈ ಎಲ್ಲಿಗೆ ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ. ನಾನು ಮೊದಲ ಸಲ ಎರಡು ಇಂಚು ಮೇಲೆ ಕತ್ತರಿಸಿದ್ದೆ, ಹೆಗಲು ಹಿಡಿದುಕೊಂಡು ಮತ್ತೆ ಹೊಸ ಹಲಗೆ ಹಾಕಬೇಕಾಯಿತು. ತೋಳಿನವರೆಗೆ ಬರುವ ದಪ್ಪ ರಬ್ಬರ್ ಬ್ಲಾಸ್ಟಿಂಗ್ ಗ್ಲೌಸನ್ನು ತೂತಿನ ಸುತ್ತ ರಿಂಗ್ ಮತ್ತು ಕ್ಲ್ಯಾಂಪ್ ಹಾಕಿ ಬಿಗಿಯಿರಿ.

ನೋಡುವ ಕಿಟಕಿಗೆ 5 ಮಿ.ಮೀ. ಟಫನ್ಡ್ ಗಾಜು. ಸಾದಾ ಗಾಜು ಬೇಡ. ಒಳಮಗ್ಗುಲಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮಂಕಾದಾಗ ಅದನ್ನಷ್ಟೇ ಬದಲಿಸಿ. ಎಲ್‌ಇಡಿ ದೀಪ ಪೆಟ್ಟಿಗೆಯ ಹೊರಗೆ, ಇನ್ನೊಂದು ಗಾಜಿನ ಮೇಲೆ ಇರಲಿ. ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ, ಬಿಗಿಯಾದ ಎರಡು ಚಿಲಕ.

ಗನ್ನಿನ ಗಾಳಿಗೆ ಕಾಲಿನಿಂದ ಒತ್ತುವ ಪೆಡಲ್ ವಾಲ್ವ್ ಹಾಕಿ. ಕಾಲು ಎತ್ತಿದ ತಕ್ಷಣ ಗಾಳಿ ನಿಲ್ಲಬೇಕು. ಟ್ರಿಗರನ್ನು ತಂತಿಯಿಂದ ಕಟ್ಟಿಡುವ ಅಭ್ಯಾಸ ಕೆಲವರಿಗಿದೆ. ಗನ್ ಕೈಜಾರಿದರೆ ಹಾವಿನ ಹಾಗೆ ಒದ್ದಾಡಿ ಗ್ಲೌಸ್ ಹರಿಯುತ್ತದೆ, ಅದರೊಳಗಿನ ಕೈಯನ್ನೂ.

ಇನ್ನು ಧೂಳು ಎಳೆಯುವ ವ್ಯವಸ್ಥೆ. ಪೆಟ್ಟಿಗೆಯೊಳಗೆ ಗಾಳಿ ತುಂಬುತ್ತಲೇ ಇರುತ್ತದೆ. ಅದಕ್ಕಿಂತ ಜಾಸ್ತಿ ಗಾಳಿಯನ್ನು ಹೊರಗೆ ಎಳೆಯದಿದ್ದರೆ ಪ್ರತಿ ಸಂದಿಯಿಂದ ಧೂಳು ಉಗುಳುತ್ತದೆ. ಒಂದು ಬದಿಗೆ ಗಾಳಿ ಬರುವ ಫಿಲ್ಟರ್ ಹಾಕಿದ ತೂತು, ಎದುರು ಬದಿಗೆ ಎಳೆಯುವ ಪೈಪು. ಆ ಪೈಪು ಮೊದಲು ಸೈಕ್ಲೋನ್ (ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳು ಬೇರ್ಪಡಿಸುವ ಸಾಧನ) ಕೂರಿಸಿದ ಬಕೆಟ್ಟಿಗೆ, ಅಲ್ಲಿಂದ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಕ್ಲೀನರಿಗೆ. ದಪ್ಪ ಧೂಳು ಬಕೆಟ್‌ನಲ್ಲೇ ಬೀಳುತ್ತದೆ, ಫಿಲ್ಟರ್ ಬೇಗ ಕಟ್ಟುವುದಿಲ್ಲ. ಸಾದಾ ಬಟ್ಟೆ ಚೀಲದ ಕ್ಲೀನರ್ ಬಳಸಿದರೆ ಅತಿ ಸಣ್ಣ ಧೂಳನ್ನು ಒಂದು ಕಡೆ ಹೀರಿ ಇನ್ನೊಂದು ಕಡೆ ನಿಮ್ಮ ಮುಖಕ್ಕೇ ಬಿಡುತ್ತದೆ.

ಜಾಲರಿ, ಗನ್ನು, ಹೀರುವ ಪೈಪು ಮೂರಕ್ಕೂ ತಾಮ್ರದ ತಂತಿ ಕಟ್ಟಿ ಅರ್ಥಿಂಗಿಗೆ ಜೋಡಿಸಿ. ಇಲ್ಲದಿದ್ದರೆ ಕೈಗೆ ಚುರ್ ಚುರ್ ಎಂದು ಶಾಕ್ ಹೊಡೆಯುತ್ತದೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ. ರಾತ್ರಿ ಶೆಡ್ಡಿನ ದೀಪ ಆರಿಸಿ. ಜೋರು ಬೆಳಕಿನ ಟಾರ್ಚ್ ಹಚ್ಚಿ ಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕಿ. ಕಿಟಕಿಗಳಿಗೆ ದಪ್ಪ ಬಟ್ಟೆ ಮುಚ್ಚಿ, ಸುತ್ತ ತಿರುಗಿ ನೋಡಿ. ನಾನು ಸಿಲಿಕೋನ್ ಬಳಿದು ಎಲ್ಲ ಸರಿ ಇದೆ ಎಂದುಕೊಂಡಿದ್ದೆ. ಹಿಂದಿನ ಮೂಲೆಯಲ್ಲಿ ಬೆಳಕಿನ ಎರಡು ಗೆರೆ, ಬಾಗಿಲ ಕೀಲಿನ ಹತ್ತಿರ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಕಂಡವು. ಬೆಳಕು ಬರುವ ಕಡೆ ಧೂಳೂ ಬರುತ್ತದೆ. ಒಂದೂ ಕಾಣದ ತನಕ ಮುಚ್ಚಿ.

ಮೈಮೇಲೆ ಏನಿರಬೇಕು

ಪೆಟ್ಟಿಗೆ ಇದ್ದರೂ ಮಾಸ್ಕ್ ಬೇಕೇ ಬೇಕು. ಬಾಗಿಲು ತೆಗೆಯುವಾಗ, ಪುಡಿ ಸಾಣಿಸುವಾಗ, ಫಿಲ್ಟರ್ ಬದಲಿಸುವಾಗ ಧೂಳು ಏಳುತ್ತದೆ. ಬದಲಿಸಬಹುದಾದ ಪಿ3 ದರ್ಜೆಯ ಫಿಲ್ಟರಿನ ರಬ್ಬರ್ ಹಾಫ್ ಮಾಸ್ಕ್ ಉತ್ತಮ. ಕಡಿಮೆ ಎಂದರೆ ಭಾರತೀಯ ಮಾನಕ ಐಎಸ್ 9473 ಗುರುತಿನ, ಧೂಳು ಸೋಸುವ ದರ್ಜೆಯ ಮಾಸ್ಕ್ ಎಫ್‌ಎಫ್‌ಪಿ2. ಹಾಕಿಕೊಂಡ ಮೇಲೆ ಅಂಗೈಯಿಂದ ಫಿಲ್ಟರ್ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಹೀರಿಕೊಂಡರೆ ಸರಿ, ಬದಿಯಿಂದ ಗಾಳಿ ಬಂದರೆ ಮತ್ತೆ ಬಿಗಿಯಿರಿ. ಗಡ್ಡ ಇದ್ದರೆ ಇದು ಕೂರುವುದೇ ಇಲ್ಲ. ಟವೆಲ್, ಕರ್ಚೀಫು, ಆಸ್ಪತ್ರೆಯ ನೀಲಿ ಮಾಸ್ಕ್ ಯಾವುದೂ ನಡೆಯುವುದಿಲ್ಲ.

ಸುತ್ತ ಮುಚ್ಚುವ ಕನ್ನಡಕ, ಕಿವಿಗೆ ಇಯರ್ ಪ್ಲಗ್, ತುಂಬು ತೋಳಿನ ಅಂಗಿ, ಬೂಟು. ಈ ಬಟ್ಟೆ ಶೆಡ್ಡಿನಲ್ಲೇ ಇರಬೇಕು. ಗನ್ನಿನ ಗಾಳಿಯಿಂದ ಮೈಮೇಲಿನ ಧೂಳು ಊದಿಕೊಳ್ಳಬೇಡಿ. ಒತ್ತಡದ ಗಾಳಿ ಸಣ್ಣ ಗಾಯದ ಮೂಲಕ ಚರ್ಮದೊಳಗೆ ಹೊಕ್ಕರೆ ಜೀವಕ್ಕೇ ಕುತ್ತು.

ಈಗ ಕೆಲಸ

ಮೊದಲು ಜಿಡ್ಡು ತೆಗೆಯಿರಿ. ಗ್ರೀಸ್ ಇದ್ದಲ್ಲಿ ಪುಡಿ ಅಂಟಿಕೊಂಡು ಮೆತ್ತುತ್ತದೆ, ಮತ್ತೆ ಬಳಸುವ ಪುಡಿಯೂ ಕೆಡುತ್ತದೆ. ಡೀಸೆಲ್‌ನಲ್ಲಿ ಬ್ರಷ್ ಅದ್ದಿ ತಿಕ್ಕಿ, ಪಾತ್ರೆ ತೊಳೆಯುವ ಸೋಪಿನ ಬಿಸಿ ನೀರಲ್ಲಿ ಎರಡು ಸಲ ತೊಳೆದು ಬಿಸಿಲಿಗಿಡಿ. ಡೀಸೆಲ್ ವಾಸನೆ ಪೂರ್ತಿ ಹೋಗಬೇಕು. ಎದ್ದುಬರುವ ಜಂಗಿನ ಪದರನ್ನು ಹಸಿ ಇರುವಾಗಲೇ ವೈರ್ ಬ್ರಷ್‌ನಿಂದ ಉದುರಿಸಿ.

ಆಮೇಲೆ ಮರೆಮಾಡಬೇಕಾದ್ದನ್ನು ಮರೆಮಾಡಿ. ತಿರುಪಿನ ಸುತ್ತು (ಥ್ರೆಡ್) ಇರುವ ತೂತಿಗೆ ಹಳೆಯ ಬೋಲ್ಟ್ ತಿರುಪಿ. ಬುಷ್ ಕೂರುವ ಜಾಗಕ್ಕೆ ರಬ್ಬರ್ ಬಿರಡೆ. ನಯವಾಗಿ ಉಳಿಯಬೇಕಾದ ಮೈಗೆ ಡಕ್ಟ್ ಟೇಪ್ ಎರಡು ಸುತ್ತು. ಬೇರಿಂಗ್ ಇದ್ದರೆ ಮುಚ್ಚಿದರೆ ಸಾಲದು, ಬಿಚ್ಚಿಯೇ ತೆಗೆಯಿರಿ.

ಸಾಮಾನು ಒಳಗಿಟ್ಟು ಬಾಗಿಲು ಹಾಕಿ. ಮೊದಲು ವ್ಯಾಕ್ಯೂಮ್ ಚಾಲೂ, ಆಮೇಲೆ ಗಾಳಿ. ಈ ಕ್ರಮ ಯಾವಾಗಲೂ ಹೀಗೇ ಇರಲಿ. ಪೆಡಲ್ ಒತ್ತಿ ಗಾಳಿ ಹರಿಯುತ್ತಿರುವಾಗಲೇ ರೆಗ್ಯುಲೇಟರ್ ನೋಡಿ. ದಪ್ಪ ಕಬ್ಬಿಣಕ್ಕೆ 70ರಿಂದ 80 ಪಿಎಸ್‌ಐ. ಗಾಜಿನ ಮಣಿಯಿಂದ ಅಲ್ಯುಮಿನಿಯಂ ಆದರೆ 40ರಿಂದ 60. ಚೈನ್ ಕವರ್, ಮಡ್‌ಗಾರ್ಡ್‌ನಂಥ ತೆಳು ಪತ್ರಾಕ್ಕೆ 40ರ ಒಳಗೆ. ಪತ್ರಾ ಡೊಂಕಾಗುವುದು ಬಿಸಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಲಕ್ಷಾಂತರ ಸಣ್ಣ ಸುತ್ತಿಗೆ ಏಟು ಬಿದ್ದ ಹಾಗೆ ಒಂದು ಮಗ್ಗುಲು ಹಿಗ್ಗುತ್ತದೆ, ಅದಕ್ಕೇ ಬಾಗುತ್ತದೆ. ತಂಬಿಗೆ ನೀರು ಸುರಿದು ತಣ್ಣಗೆ ಮಾಡಿದರೂ ಪ್ರಯೋಜನವಿಲ್ಲ. ಒತ್ತಡ ಇಳಿಸಿ, ಎರಡೂ ಮಗ್ಗುಲಿಗೆ ಸಮವಾಗಿ ಹೊಡೆಯಿರಿ.

ಗನ್ ಸಾಮಾನಿನಿಂದ 10ರಿಂದ 15 ಸೆಂ.ಮೀ. ದೂರ ಇರಲಿ. ನೇರವಾಗಿ ಹೊಡೆದರೆ ಪುಡಿ ಪುಟಿದು ಬರುವ ಪುಡಿಗೇ ಡಿಕ್ಕಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ, ಕಿಟಕಿಯೂ ಮಂಕಾಗುತ್ತದೆ. 60 ಡಿಗ್ರಿಯಷ್ಟು ಓರೆ ಹಿಡಿಯಿರಿ. ಅಂಗಳ ಸಾರಿಸುವ ಕೈಯ ಹಾಗೆ ನಿಧಾನಕ್ಕೆ, ಒಂದರ ಮೇಲೊಂದು ಅರ್ಧ ಬೀಳುವ ಹಾಗೆ ಪಟ್ಟಿ ಪಟ್ಟಿಯಾಗಿ ಸಾಗಿ. ಒಂದೇ ಕಡೆ ನಿಲ್ಲಬೇಡಿ.

ಮೊದಲು ಕೆಂಪು ಹೋಗುತ್ತದೆ. ಆಮೇಲೆ ಕಪ್ಪು ಚುಕ್ಕೆಗಳು ಉಳಿಯುತ್ತವೆ. ಹಲವರು ಇಲ್ಲೇ ನಿಲ್ಲಿಸಿಬಿಡುತ್ತಾರೆ. ಆ ಕಪ್ಪು ಚುಕ್ಕೆ ಅಂದರೆ ಕುಳಿಯ ತಳದಲ್ಲಿ ಉಳಿದ ಜಂಗು. ಬಣ್ಣದ ಕೆಳಗೆ ಅದು ಮತ್ತೆ ಚಿಗುರುತ್ತದೆ. ಅಲ್ಲಿ ಮಾತ್ರ ಗನ್ನನ್ನು ಸ್ವಲ್ಪ ನೇರ ಮಾಡಿ, ಎರಡು ಮೂರು ದಿಕ್ಕಿನಿಂದ ಹೊಡೆಯಿರಿ. ಎಲ್ಲ ಕಡೆ ಒಂದೇ ತರದ, ಹೊಳಪಿಲ್ಲದ ಬೂದುಬೆಳ್ಳಿ ಬಣ್ಣ ಬಂದರೆ ಆಯಿತು. ಎಜ್ಡಿಯ ಸೆಂಟರ್ ಸ್ಟ್ಯಾಂಡ್ ಇಷ್ಟಾಗಲು ನನ್ನ 3 ಎಚ್‌ಪಿಯಲ್ಲಿ ಸುಮಾರು 40 ನಿಮಿಷ ತೆಗೆದುಕೊಂಡಿತು, ನಡುವೆ ಎರಡು ಸಲ ಟ್ಯಾಂಕ್ ತುಂಬಲು ಬಿಟ್ಟಿದ್ದೂ ಸೇರಿ.

ಗನ್ ತಡೆದು ತಡೆದು ಉಗುಳುತ್ತಿದ್ದರೆ ಪುಡಿ ಹಸಿಯಾಗಿದೆ ಅಥವಾ ಕಸ ಸಿಕ್ಕಿದೆ. ಪುಡಿ ಬರುತ್ತಿದ್ದರೂ ಜಂಗು ಹೋಗದಿದ್ದರೆ ನೋಜಲ್, ಅಂದರೆ ಪುಡಿ ಹೊರಬರುವ ಗನ್ನಿನ ತುದಿ, ನೋಡಿ. ಪಿಂಗಾಣಿ ನೋಜಲ್ ಕೆಲವೇ ಗಂಟೆಗಳಲ್ಲಿ ಸವೆದು ಅಗಲವಾಗುತ್ತದೆ. ಕಾರ್ಬೈಡ್ ನೋಜಲ್ ದುಬಾರಿ, ಆದರೆ ಬಹಳ ದಿನ ಬರುತ್ತದೆ. ನೋಜಲ್ಲಿಗೆ ಕೈ ಹಾಕುವ ಮುಂಚೆ ಗಾಳಿ ಬಂದ್ ಮಾಡಿ, ಪೆಡಲ್ ಒತ್ತಿ ಹೋಸಿನ ಒತ್ತಡ ಖಾಲಿ ಮಾಡಿ.

ಗನ್ ಇಟ್ಟ ಮೇಲೆ

ಬಾಗಿಲು ತಕ್ಷಣ ತೆಗೆಯಬೇಡಿ. ವ್ಯಾಕ್ಯೂಮ್ ಐದು ನಿಮಿಷ ಓಡಲಿ, ಕಿಟಕಿಯಲ್ಲಿ ಒಳಗೆಲ್ಲ ತಿಳಿಯಾಗಿ ಕಾಣಲಿ. ಸಾಮಾನಿಗೆ ಅಂಟಿದ ಧೂಳನ್ನು ಪೆಟ್ಟಿಗೆಯೊಳಗೇ ಬರೀ ಗಾಳಿಯಿಂದ ಊದಿ.

ಈಗ ಕಬ್ಬಿಣ ಬೆತ್ತಲೆ. ಬರಿಗೈಯಿಂದ ಮುಟ್ಟಿದರೆ ಬೆವರಿನ ಉಪ್ಪು ಕೂತು ಎರಡು ದಿನದಲ್ಲಿ ಬೆರಳಚ್ಚಿನ ಆಕಾರದಲ್ಲೇ ಜಂಗು ಏಳುತ್ತದೆ. ಸ್ವಚ್ಛ ಗ್ಲೌಸ್ ಹಾಕಿ. ನೀರಿನಿಂದ ತೊಳೆಯಬೇಡಿ. ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ನಾಲ್ಕು ಗಂಟೆಯೊಳಗೆ ಪ್ರೈಮರ್ ಹೊಡೆಯಿರಿ. ಎಪಾಕ್ಸಿ ಪ್ರೈಮರ್ ಒಳ್ಳೆಯದು, ಜಿಂಕ್ ಫಾಸ್ಫೇಟ್ ಪ್ರೈಮರೂ ಆದೀತು. ಮೋಡ ಮುಚ್ಚಿದ ದಿನ ನಾಲ್ಕು ಗಂಟೆಯನ್ನೂ ಕಾಯಬೇಡಿ. ಒಮ್ಮೆಗೆ ಎಷ್ಟು ಸಾಮಾನಿಗೆ ಪ್ರೈಮರ್ ಹೊಡೆಯಲು ಆಗುತ್ತದೋ ಅಷ್ಟನ್ನೇ ಬ್ಲಾಸ್ಟ್ ಮಾಡಿ.

ಪುಡಿಯನ್ನು ಮಾಸ್ಕ್ ಹಾಕಿಕೊಂಡು ಸಾಣಿಸಿ ಡಬ್ಬಿಗೆ ತುಂಬಿಡಿ. ಗಾರ್ನೆಟ್ ಮೂರರಿಂದ ಐದು ಸಲ ಬರುತ್ತದೆ. ಹಿಟ್ಟಾದದ್ದನ್ನು ಮತ್ತು ಬಕೆಟ್ಟಿನ ಧೂಳನ್ನು ಸ್ವಲ್ಪ ನೀರು ಚಿಮುಕಿಸಿ ದಪ್ಪ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಅದನ್ನು ಗಟಾರಕ್ಕೆ, ಹೊಲಕ್ಕೆ, ಹಿತ್ತಿಲ ಗಿಡದ ಬುಡಕ್ಕೆ ಸುರಿಯಬೇಡಿ. ಬಣ್ಣದ ಅಂಶ ಇದ್ದರೆ ಚೀಲವನ್ನು ಬೇರೆಯೇ ಇಟ್ಟು, ಮನೆಯ ಅಪಾಯಕಾರಿ ಕಸ ಎಂದು ಹೇಳಿ ಪಾಲಿಕೆಯ ಕಸದ ಗಾಡಿಗೆ ಕೊಡಿ. ಶೆಡ್ಡಿನ ನೆಲವನ್ನು ಕಸಬರಿಗೆಯಿಂದ ಗುಡಿಸಬೇಡಿ, ಹಸಿ ಬಟ್ಟೆಯಿಂದ ಒರೆಸಿ. ಬಟ್ಟೆ ಅಲ್ಲೇ ಬದಲಿಸಿ, ಕೈ ಮುಖ ತೊಳೆದು ಮನೆಯೊಳಗೆ ಹೋಗಿ. ಮಕ್ಕಳು ಓಡಿ ಬಂದು ಅಪ್ಪಿಕೊಳ್ಳುವುದು ಅದೇ ಹೊತ್ತಿಗೆ.

ಕೊನೆಗೆ ಕಂಪ್ರೆಸರ್. ಸ್ವಿಚ್ ಆರಿಸಿ, ಟ್ಯಾಂಕಿನ ಒತ್ತಡ ಬಹುಪಾಲು ಇಳಿಸಿ, ತಳದ ಕಾಕ್ ತೆಗೆಯಿರಿ. ಮೊದಲು ಟೀ ಬಣ್ಣದ ನೀರು ಬರುತ್ತದೆ, ಆಮೇಲೆ ಮಂಜಿನಂಥ ಹನಿ, ಆಮೇಲೆ ಬರೀ ಗಾಳಿ. ಗಾಳಿಯ ಸಪ್ಪಳವೂ ನಿಂತ ಮೇಲೆ ಕಾಕ್ ಮುಚ್ಚದೆ ಹಾಗೇ ಬಿಡಿ. ಮುಂದಿನ ಸಲ ಚಾಲೂ ಮಾಡುವ ಮುಂಚೆ ಮುಚ್ಚಿದರಾಯಿತು.